ಮೂರು ಜಿಲ್ಲೆ, ಮುನ್ನೂರು ಕಿಲೋಮೀಟರ್, ಎಂಜಿನ್ ಇಲ್ಲ

ಕಲಬುರಗಿ, ಬೀದರ್, ಯಾದಗಿರಿ. ಈ ಮೂರು ಊರನ್ನು ನಕ್ಷೆಯ ಮೇಲೆ ಗೆರೆ ಎಳೆದು ಜೋಡಿಸಿ ನೋಡಿ. ಕಲಬುರಗಿಯಿಂದ ಬೀದರಿಗೆ ನೇರ ಗೆರೆ ಸುಮಾರು 98 ಕಿಲೋಮೀಟರ್. ಬೀದರಿನಿಂದ ಯಾದಗಿರಿಗೆ 133. ಯಾದಗಿರಿಯಿಂದ ತಿರುಗಿ ಕಲಬುರಗಿಗೆ 70. ಕೂಡಿದರೆ ಮುನ್ನೂರರ ಮೇಲೆ ಒಂದು.

ಗ್ಲೈಡರ್ ಹಾರಿಸುವವರಿಗೆ ಈ 300 ದೊಡ್ಡ ಅಂಕಿ. ಜಗತ್ತಿನ ಎಲ್ಲ ಕಡೆ ಅವರಿಗೆ ಬ್ಯಾಡ್ಜ್‌ಗಳಿವೆ. ದೂರದ ಲೆಕ್ಕದಲ್ಲಿ ಬೆಳ್ಳಿಗೆ 50 ಕಿ.ಮೀ., ಚಿನ್ನಕ್ಕೆ 300, ವಜ್ರಕ್ಕೆ 500. ಅಂದರೆ ನಮ್ಮ ಮೂರು ಜಿಲ್ಲಾ ಕೇಂದ್ರಗಳನ್ನು ಎಂಜಿನ್ ಇಲ್ಲದ ವಿಮಾನದಲ್ಲಿ ಒಂದು ಸುತ್ತು ಹಾಕಿ ಬಂದರೆ ಅದು ಚಿನ್ನದ ದೂರ. ಊರುಗಳು ಸರಿಯಾಗಿ ಇಷ್ಟೇ ದೂರದಲ್ಲಿ ಇರುವುದು ಕಾಕತಾಳೀಯ, ನಿಜ. ಆದರೆ ಅವುಗಳ ನಡುವಿನ ನೆಲ ಮತ್ತು ಅದರ ಮೇಲಿನ ಬಿಸಿಲು ಇಂಥ ಹಾರಾಟಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ಹೇಳಬೇಕೆಂದು ಈ ಬರಹ.

ನಮ್ಮಲ್ಲಿ ಗ್ಲೈಡಿಂಗ್ ಕ್ಲಬ್ ಇಲ್ಲ. ಬೀದರಿನ ಆಕಾಶ ವಾಯುಪಡೆಯದ್ದು. ಅಲ್ಲಿ ಫೈಟರ್ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ತರಬೇತಿ ಪಡೆಯುತ್ತಾರೆ, ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ ಇರುವುದೂ ಅಲ್ಲೇ. ಅನುಮತಿ ಇಲ್ಲದೆ ಯಾರೂ ಅತ್ತ ಸುಳಿಯುವಂತಿಲ್ಲ, ಸುಳಿಯಲೂಬಾರದು. ಹಾಗಾಗಿ ಇದು ಕಾಗದದ ಮೇಲಿನ ಹಾರಾಟ. ಆದರೆ ಇದರಲ್ಲಿ ಬರುವ ಮಣ್ಣು, ಗಾಳಿ, ಲೆಕ್ಕ ಎಲ್ಲ ನಿಜದ್ದೇ.

ಗ್ಲೈಡರ್ ಯಾವಾಗಲೂ ಕೆಳಗೆ ಇಳಿಯುತ್ತಲೇ ಇರುತ್ತದೆ. ಇದನ್ನು ಮೊದಲು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ. ರೆಕ್ಕೆ ಅದನ್ನು ಗಾಳಿಯಲ್ಲಿ ನಿಲ್ಲಿಸಿ ಇಡುವುದಿಲ್ಲ, ನಿಧಾನಕ್ಕೆ ಇಳಿಸುತ್ತದೆ, ಅಷ್ಟೆ. ಮುಂದಕ್ಕೆ ಹೋಗುವ ಬಲ ಬರುವುದೇ ಈ ಇಳಿಯುವುದರಿಂದ. ಒಳ್ಳೆಯ ಗ್ಲೈಡರ್ ಒಂದು ಮೀಟರ್ ಇಳಿಯುವಷ್ಟರಲ್ಲಿ 40ರಿಂದ 50 ಮೀಟರ್ ಮುಂದೆ ಹೋಗಿರುತ್ತದೆ. ತರಬೇತಿಗೆ ಬಳಸುವ ಎರಡು ಸೀಟಿನವು 30ರ ಆಸುಪಾಸಿನಲ್ಲಿ ಇರುತ್ತವೆ. ಸಾವಿರ ಮೀಟರ್ ಎತ್ತರ ಕೈಯಲ್ಲಿದ್ದರೆ, ಗಾಳಿ ಅಲುಗದೆ ನಿಂತಿದ್ದರೆ, 40 ಕಿ.ಮೀ. ಹೋಗಬಹುದು. ಕಲಬುರಗಿಯ ಮೇಲೆ ಸಾವಿರ ಮೀಟರ್‌ನಲ್ಲಿದ್ದವರು ಶಹಾಬಾದ್ ದಾಟಿ ವಾಡಿಯವರೆಗೆ ತಲುಪಿಯಾರು. ಅಲ್ಲಿಗೆ ಮುಗಿಯಿತು.

ಹಾಗಾದರೆ ಮುನ್ನೂರು ಕಿಲೋಮೀಟರ್ ಹೋಗುವುದು ಹೇಗೆ? ಇಳಿಯುವುದನ್ನು ಮೇಲೇರುವ ಗಾಳಿಯ ಒಳಗೆ ಇಳಿಯಬೇಕು. ನಿಧಾನಕ್ಕೆ ಹಾರುವಾಗ ಗ್ಲೈಡರ್ ಸೆಕೆಂಡಿಗೆ ಸುಮಾರು 0.6 ಮೀಟರ್ ಇಳಿಯುತ್ತದೆ, ತಿರುಗುವಾಗ ಸ್ವಲ್ಪ ಜಾಸ್ತಿ. ಸುತ್ತಲಿನ ಗಾಳಿ ಸೆಕೆಂಡಿಗೆ 3 ಮೀಟರ್ ಮೇಲೇಳುತ್ತಿದ್ದರೆ ಉಳಿಯುವ ವ್ಯತ್ಯಾಸವೇ ಏರಿಕೆ. ಆ ಮೇಲೇರುವ ಗಾಳಿಗೆ ಥರ್ಮಲ್ ಅನ್ನುತ್ತಾರೆ. ಅದನ್ನು ಹುಟ್ಟಿಸುವುದು ಬಿಸಿಲು ಮತ್ತು ನೆಲ. ಇಲ್ಲಿಂದ ನಮ್ಮ ಊರಿನ ಕಥೆ ಶುರುವಾಗುತ್ತದೆ.

ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಬಹಳ ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ನೆಲ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ಒಲೆಯ ಮೇಲಿಟ್ಟ ಎಸರು ನೋಡಿ, ಪಾತ್ರೆಯ ತಳದಲ್ಲಿ ಒಂದೆರಡು ಜಾಗದಿಂದಲೇ ಮೊದಲ ಗುಳ್ಳೆ ಏಳುತ್ತವೆ, ಆಮೇಲೂ ಅಲ್ಲಿಂದಲೇ ಏಳುತ್ತಿರುತ್ತವೆ. ಹೊಲಗಳ ಮೇಲೂ ಅಷ್ಟೆ. ತೊಗರಿ ರಾಶಿ ಮುಗಿದು ಖಾಲಿ ಬಿದ್ದ ಎರೆ ಹೊಲ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಒಣಗಿರುತ್ತದೆ. ಕಪ್ಪು ಮಣ್ಣು, ಒಂದು ಹನಿ ತೇವ ಇಲ್ಲ. ಬಿದ್ದ ಬಿಸಿಲೆಲ್ಲ ಬಿಸಿಯಾಗಿಯೇ ಉಳಿಯುತ್ತದೆ. ಪಕ್ಕದಲ್ಲೇ ಬೋರ್‌ವೆಲ್ ನೀರು ಕುಡಿದ ಕಬ್ಬಿನ ಹೊಲ ಇದ್ದರೆ ಅಲ್ಲಿ ಬಿಸಿಲಿನ ಹೆಚ್ಚಿನ ಪಾಲು ನೀರು ಆವಿ ಮಾಡುವುದಕ್ಕೇ ಖರ್ಚು. ಅಲ್ಲಿನ ಗಾಳಿ ತಣ್ಣಗೆ ಕೂತಿರುತ್ತದೆ. ಈ ಎರಡರ ಅಂಚಿನಲ್ಲಿ ಬಿಸಿ ಗಾಳಿ ನೆಲ ಬಿಟ್ಟು ಏಳುತ್ತದೆ. ಮಣ್ಣಿನ ಬಣ್ಣದ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಬಣ್ಣಕ್ಕಿಂತ ಮಣ್ಣು ಎಷ್ಟು ಒಣಗಿದೆ ಅನ್ನುವುದೇ ದೊಡ್ಡದು.

ಕಮಲಾಪುರದ ಹತ್ತಿರ ನಮ್ಮ ಸಂಬಂಧಿಕರ ಹೊಲವಿದೆ. ಬೇಸಿಗೆಯ ಒಂದು ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಕೂತಿದ್ದಾಗ ಎದುರಿನ ಮಡ್ಡಿಯಿಂದ ಸುಂಟರಗಾಳಿ ಎದ್ದಿತು. ಮೊದಲು ನೆಲದ ಮೇಲೆ ಒಣಗಿದ ತೊಗರಿ ಎಲೆಗಳು ಸುಮ್ನೆ ಒಂದು ಸುತ್ತು ಹಾಕಿದವು. ಆಮೇಲೆ ದೂಳು ಸೇರಿತು. ನೋಡುತ್ತಿದ್ದಂತೆ ಮರದ ಎತ್ತರ, ಅದರ ಎರಡರಷ್ಟು ಎತ್ತರ. ಒಂದು ಪ್ಲಾಸ್ಟಿಕ್ ಚೀಲ ಅದರೊಳಗೆ ಸಿಕ್ಕಿ ತಿರುಗುತ್ತಾ ಏರಿತು. ದೂಳು ಒಂದು ಎತ್ತರದಲ್ಲಿ ನಿಂತು ಹೋಯಿತು, ಚೀಲ ನಿಲ್ಲಲಿಲ್ಲ. ಬಿಳಿ ಚುಕ್ಕೆಯಾಗಿ ಇನ್ನೂ ಮೇಲೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಊರಿನ ಕಡೆಯಿಂದ ಒಂದು ಹದ್ದು ರೆಕ್ಕೆ ಬಡಿಯದೆ ನೇರವಾಗಿ ಬಂದು ಅದೇ ಜಾಗದ ಮೇಲೆ ಸುತ್ತತೊಡಗಿತು. ಅದರ ಹಿಂದೆ ಇನ್ನೊಂದು. ಪಕ್ಕದಲ್ಲಿ ಕೂತಿದ್ದ ಹಿರಿಯರು ಹೇಳಿದರು, "ಆ ಮಡ್ಡಿ ಮ್ಯಾಲಿಂದೇ ಏಳ್ತದ ನೋಡು. ದಿನಾ ಇದೇ ಹೊತ್ತಿಗಿ, ಅಲ್ಲಿಂದೇ." ಅವರು ವಿಮಾನ ಹತ್ತಿದವರಲ್ಲ. ಆದರೆ ಗ್ಲೈಡರ್ ಪೈಲಟ್ ವರ್ಷಗಟ್ಟಲೆ ಕಲಿಯುವ ಮುಖ್ಯ ಪಾಠ ಅವರಿಗೆ ಗೊತ್ತಿತ್ತು. ಥರ್ಮಲ್ ಎಲ್ಲೆಂದರಲ್ಲಿ ಏಳುವುದಿಲ್ಲ. ಅದಕ್ಕೆ ಜಾಗ ಇದೆ, ಹೊತ್ತು ಇದೆ. ಸುಂಟರಗಾಳಿ ಆ ಥರ್ಮಲ್‌ನ ಬುಡ. ದೂಳು ಇದ್ದದ್ದರಿಂದ ನಮಗೆ ಕಂಡಿತು. ಕಾಣದೆ ಏಳುವವೇ ಹೆಚ್ಚು.

ಹದ್ದುಗಳ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಾಂಡೋರ್ ಎಂಬ ದೊಡ್ಡ ಹಕ್ಕಿಗೆ ಉಪಕರಣ ಕಟ್ಟಿ ಅಳೆದಿದ್ದಾರೆ. 2020ರಲ್ಲಿ ಆ ಫಲಿತಾಂಶ ಬಂತು. ಹಾರುವ ಸಮಯದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಅದು ರೆಕ್ಕೆ ಬಡಿಯುತ್ತದೆ. ಒಂದು ಕಾಂಡೋರ್ ಐದು ತಾಸಿಗಿಂತ ಹೆಚ್ಚು ಹೊತ್ತು, 172 ಕಿ.ಮೀ., ಒಂದು ಸಲವೂ ರೆಕ್ಕೆ ಬಡಿಯದೆ ಹಾರಿತ್ತು. ನಮ್ಮ ರಣಹದ್ದುಗಳೂ ಇದೇ ವಿದ್ಯೆಯ ಪಂಡಿತರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನಗಳ ಮೂಲಕ ಅವುಗಳ ಹೊಟ್ಟೆ ಸೇರಿ ದೇಶದ ತುಂಬ ಅವು ನಾಶವಾದವು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು, ಅಷ್ಟರಲ್ಲಿ ತಡವಾಗಿತ್ತು. ಇಷ್ಟು ಒಳ್ಳೆಯ ಆಕಾಶದಲ್ಲಿ ಅವು ಇಲ್ಲವಲ್ಲ ಎಂದು ನನಗೆ ನಿಜವಾಗಿ ನೋವಾಗುತ್ತದೆ.

ಥರ್ಮಲ್ ಎಷ್ಟು ಎತ್ತರ ಹೋಗುತ್ತದೆ? ಏರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ. ಸುತ್ತಲಿನ ಗಾಳಿಗಿಂತ ಅದು ಬೆಚ್ಚಗೆ ಇರುವವರೆಗೆ ಏರುತ್ತದೆ, ಸಮವಾದಾಗ ನಿಲ್ಲುತ್ತದೆ. ಅದರಲ್ಲಿದ್ದ ನೀರಾವಿ ನಡುವೆ ಹನಿಗಟ್ಟಿದರೆ ಅದೇ ಹತ್ತಿಯಂಥ ಬಿಳಿ ಮೋಡ. ಅಂದರೆ ಬೇಸಿಗೆಯ ಆ ಚಪ್ಪಟೆ ತಳದ ಮೋಡ ಒಂದೊಂದೂ ಒಂದೊಂದು ಥರ್ಮಲ್‌ನ ತುದಿ. ಪೈಲಟ್‌ಗೆ ಅದು ಮೇಲೆ ಬರೆದಿಟ್ಟ ವಿಳಾಸ. ಮೋಡದ ತಳ ಎಲ್ಲಿ ಇರುತ್ತದೆ ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯಲ್ಲಿನ ನೀರಾವಿ ಹನಿಗಟ್ಟತೊಡಗುವ ಉಷ್ಣಾಂಶವನ್ನು, ಕಳೆಯಿರಿ, ಬಂದದ್ದನ್ನು 125ರಿಂದ ಗುಣಿಸಿ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ಇದ್ದು ಇಬ್ಬನಿ ಬಿಂದು 15 ಇದ್ದರೆ ವ್ಯತ್ಯಾಸ 25. ಗುಣಿಸಿದರೆ 3,125 ಮೀಟರ್. ಮಳೆಗಾಲದಲ್ಲಿ 30 ಡಿಗ್ರಿ, ಇಬ್ಬನಿ ಬಿಂದು 23 ಅಂದುಕೊಳ್ಳಿ. ಬರುವುದು 875 ಮೀಟರ್. ಮಳೆಗಾಲದ ಮೋಡ ತಲೆಯ ಮೇಲೇ ಕೂತಂತೆ ಕಾಣುವುದು, ಬೇಸಿಗೆಯ ಮೋಡ ಅಷ್ಟು ದೂರ ಕಾಣುವುದು ಇದಕ್ಕೇ. ಹವಾಮಾನದ ಆ್ಯಪ್‌ಗಳಲ್ಲಿ ಇಬ್ಬನಿ ಬಿಂದು ಇರುತ್ತದೆ, ನೀವೇ ಮಾಡಿ ನೋಡಬಹುದು.

ನಮ್ಮ ಬಿಸಿಲಿನ ಬಗ್ಗೆ ನಾವು ಮಾತಾಡುವುದೆಲ್ಲ ದೂರು. ಅದರಲ್ಲಿ ನ್ಯಾಯ ಇದೆ. 43, 44 ಡಿಗ್ರಿಯಲ್ಲಿ ಹೊಲದಲ್ಲಿ, ಗಣಿಯಲ್ಲಿ, ರಸ್ತೆಯಲ್ಲಿ ದುಡಿಯುವವರ ಕಷ್ಟ ಕಷ್ಟವೇ. ಆದರೆ ಜಗತ್ತಿನಲ್ಲಿ ಇಂಥ ಬಿಸಿಲನ್ನು ಹುಡುಕಿಕೊಂಡು ಹೋಗುವ ಜನ ಇದ್ದಾರೆ. ಆಫ್ರಿಕಾದ ನಮೀಬಿಯಾದಲ್ಲಿ, ಕಲಹರಿ ಮರುಭೂಮಿಯ ಅಂಚಿನಲ್ಲಿ, ಬಿಟ್ಟರ್‌ವಾಸರ್ ಎಂಬ ಜಾಗವಿದೆ. ಯುರೋಪಿನವರು ತಮ್ಮ ಚಳಿಗಾಲದಲ್ಲಿ ಗ್ಲೈಡರ್‌ಗಳನ್ನು ಕಂಟೇನರ್‌ನಲ್ಲಿ ತುಂಬಿ ಹಡಗಿನಲ್ಲಿ ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ಮೊದಲ ಬಾರಿ ಸಾವಿರ ಕಿಲೋಮೀಟರ್ ಹಾರಿದವರು ಒಂದು ತಾಳೆ ಜಾತಿಯ ಗಿಡ ನೆಡುವ ಪದ್ಧತಿ. ಗಿಡಗಳ ಸಾಲು ಬೆಳೆದು ದಾರಿಯಾಗಿದೆ. ಒಣ ನೆಲ, ಎತ್ತರದ ಮೋಡ, ಬಯಲು. ಅಷ್ಟನ್ನೇ ನಂಬಿ ಅವರು ಅಷ್ಟು ದೂರ ಬರುತ್ತಾರೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಬರೀ ಸೆಕೆ ಇದ್ದರೆ ಸಾಲದು. ಕೆಳಗೆ 44 ಡಿಗ್ರಿ ಇದ್ದು ಮೇಲಿನ ಗಾಳಿಯೂ ಬಿಸಿಯಾಗಿದ್ದರೆ ಥರ್ಮಲ್ ಅರ್ಧಕ್ಕೇ ಸೊರಗುತ್ತದೆ. ಕೆಳಗೆ ಬಿಸಿ, ಮೇಲೆ ತಂಪು, ಆ ವ್ಯತ್ಯಾಸ ಬೇಕು. ಹಾಗಂತ ವ್ಯತ್ಯಾಸ ಅತಿಯಾಗಿ, ತೇವವೂ ಸೇರಿದರೆ ಮಧ್ಯಾಹ್ನ ಮೂರರ ಮೇಲೆ ಮೋಡ ಗೋಪುರವಾಗಿ ಬೆಳೆದು ಗುಡುಗು, ಆಲಿಕಲ್ಲು. ಏಪ್ರಿಲ್, ಮೇ ತಿಂಗಳಲ್ಲಿ ಬೀದರ್ ಕಡೆಯವರಿಗೆ ಇದು ಹೊಸದಲ್ಲ. ಅಂಥ ಮೋಡದ ಹತ್ತಿರ ಗ್ಲೈಡರ್ ಹೋಗಬಾರದು.

ಈ ವಿದ್ಯೆ ಒಂದೇ ದಿನ ಬಂದದ್ದಲ್ಲ. ಜರ್ಮನಿಯ ಓಟ್ಟೊ ಲಿಲಿಯೆಂಥಾಲ್ 1890ರ ದಶಕದಲ್ಲಿ ಗುಡ್ಡದಿಂದ ಜಿಗಿದು ಜಿಗಿದು ಹಾರುವುದನ್ನು ಕಲಿತ, 1896ರಲ್ಲಿ ಬಿದ್ದು ಸತ್ತ. ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿಗೆ ಎಂಜಿನ್ ವಿಮಾನಗಳ ಮೇಲೆ ಕಟ್ಟುಪಾಡು ಬಂತು. ಹಾರುವ ಹುಚ್ಚಿದ್ದ ಹುಡುಗರು 1920ರಿಂದ ವಾಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ಎಂಜಿನ್ ಇಲ್ಲದೆ ಸ್ಪರ್ಧೆ ನಡೆಸಿದರು. ಆಗ ಅವರಿಗೆ ಗೊತ್ತಿದ್ದದ್ದು ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿ ಮಾತ್ರ. ಗುಡ್ಡ ಬಿಟ್ಟು ಬಯಲಿಗೆ ಹೋದರೆ ಇಳಿದಂತೆಯೇ. 1929ರಲ್ಲಿ ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್ 100 ಕಿಲೋಮೀಟರ್ ದಾಟಿದ. ಮೋಡದಿಂದ ಮೋಡಕ್ಕೆ ಹೋಗುವುದನ್ನು ಕಲಿತದ್ದು ಆ ಕಾಲದಲ್ಲೇ. ಅಲ್ಲಿಂದ ದೂರ ಬೆಳೆಯುತ್ತಲೇ ಹೋಯಿತು. 1972ರ ಏಪ್ರಿಲ್‌ನಲ್ಲಿ ಹ್ಯಾನ್ಸ್ ವರ್ನರ್ ಗ್ರೋಸ್ ಜರ್ಮನಿಯ ಲ್ಯೂಬೆಕ್‌ನಿಂದ ಹೊರಟು ಫ್ರಾನ್ಸ್‌ನ ಬಿಯಾರಿಟ್ಜ್‌ನಲ್ಲಿ ಇಳಿದ, 1,460 ಕಿ.ಮೀ. 2003ರಲ್ಲಿ ಕ್ಲಾಸ್ ಓಲ್ಮನ್ ಆಂಡೀಸ್ ಬೆಟ್ಟಸಾಲಿನ ಹಿಂದೆ ಏಳುವ ಗಾಳಿಯ ಅಲೆ ಹಿಡಿದು 3,009 ಕಿ.ಮೀ. ಹಾರಿದ. 2018ರಲ್ಲಿ ಪರ್ಲಾನ್ 2 ಎಂಬ ಗ್ಲೈಡರ್ ಅದೇ ಬೆಟ್ಟಗಳ ಅಲೆಯಲ್ಲಿ 22 ಕಿ.ಮೀ.ಗಿಂತ ಮೇಲೆ ಹೋಯಿತು. ಪ್ರಯಾಣಿಕರ ಜೆಟ್ ಹಾರುವ ಎತ್ತರದ ಎರಡರಷ್ಟು. ಅಂಥ ಅಲೆಗೆ ಎತ್ತರದ ಬೆಟ್ಟಸಾಲು ಬೇಕು, ಅದು ನಮ್ಮಲ್ಲಿ ಇಲ್ಲ. ನಮ್ಮದು ಥರ್ಮಲ್ ನಾಡು.

ನಮ್ಮ ದೇಶದಲ್ಲೂ ಇದರ ಕೆಲಸ ಆಗಿದೆ. ಪುಣೆಯ ಹಡಪ್ಸರ್‌ನಲ್ಲಿ ಸರ್ಕಾರಿ ಗ್ಲೈಡಿಂಗ್ ಕೇಂದ್ರ ಬಹಳ ಹಿಂದಿನಿಂದ ಇದೆ. ನಾಗರಿಕ ವಿಮಾನಯಾನ ಇಲಾಖೆಯವರೇ ವಿನ್ಯಾಸ ಮಾಡಿದ ರೋಹಿಣಿ ಎಂಬ ಮರದ ಗ್ಲೈಡರ್ 1961ರಲ್ಲಿ ಹಾರಿತು. ಕಲಿಯುವವರು ಮತ್ತು ಕಲಿಸುವವರು ಅದರಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಎನ್‌ಸಿಸಿಯ ಎಷ್ಟೋ ಹುಡುಗರು ಮೊದಲು ನೆಲ ಬಿಟ್ಟದ್ದು ಗ್ಲೈಡರ್‌ನಲ್ಲೇ.

ನಾನು ಗ್ಲೈಡರ್‌ನಲ್ಲಿ ಕೂತದ್ದು ಹಡಪ್ಸರ್‌ನಲ್ಲಿ. ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ರೈಲಿನಲ್ಲಿ ಹೋಗಿ ಬರುವ ದಾರಿ. ಮುಂದಿನ ಸೀಟಿನಲ್ಲಿ ನಾನು, ಹಿಂದೆ ತರಬೇತುದಾರರು. ಬಯಲಿನ ಆ ತುದಿಯಲ್ಲಿ ವಿಂಚ್ ಎಂಬ ಯಂತ್ರ ಉದ್ದದ ಹಗ್ಗ ಸುತ್ತಿ ಎಳೆಯುತ್ತದೆ. ಮೂಗು ಆಕಾಶಕ್ಕೆ ಎದ್ದು ಒಂದು ನಿಮಿಷವೂ ಆಗುವ ಮೊದಲೇ ಹಗ್ಗ ಕಳಚುತ್ತದೆ. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದಿನವರು ಮೆಲ್ಲಗೆ ಮಾತಾಡಿದರೂ ಕೇಳುತ್ತದೆ. ನನ್ನ ಕಣ್ಣಿಗೆ ಬಿದ್ದದ್ದು ಗಾಜಿನ ಹೊರಗೆ ಟೇಪ್ ಹಾಕಿ ಅಂಟಿಸಿದ್ದ ಒಂದು ಉಣ್ಣೆ ದಾರದ ತುಂಡು. ಬೆರಳುದ್ದ, ಕೆಂಪು. ಗಾಳಿ ನೇರವಾಗಿ ಎದುರಿನಿಂದ ಬರುತ್ತಿದ್ದರೆ ಅದು ನೇರ ಹಿಂದಕ್ಕೆ ಮಲಗಿರುತ್ತದೆ. ವಿಮಾನ ಒಂಚೂರು ಅಡ್ಡ ಜಾರಿದರೂ ಪಕ್ಕಕ್ಕೆ ವಾಲುತ್ತದೆ. ಅದು ವಾಲಿದರೆ ಎತ್ತರ ಸೋರುತ್ತಿದೆ ಎಂದರ್ಥ. ಕೋಟಿ ರೂಪಾಯಿಯ ಸ್ಪರ್ಧೆಯ ಗ್ಲೈಡರ್‌ನಲ್ಲೂ ಇದೇ ದಾರ ಇರುತ್ತದೆ. ಇದಕ್ಕಿಂತ ಚುರುಕಾದ, ಕೆಡದ ಇನ್ನೊಂದು ಉಪಕರಣ ಇಲ್ಲ.

ಇನ್ನೊಂದು ಮುಖ್ಯ ಉಪಕರಣ ವೇರಿಯೋಮೀಟರ್. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಮೈಗೆ ಸರಿಯಾಗಿ ಗೊತ್ತಾಗುವುದಿಲ್ಲ. ಗಾಳಿಯ ಒಳಗೆ ನುಗ್ಗುವಾಗ ಒಂದು ತಳ್ಳು ತಿಳಿಯುತ್ತದೆ. ಆಮೇಲೆ ಒಂದೇ ವೇಗದಲ್ಲಿ ಏರುತ್ತಿದ್ದರೆ ಕೂತಲ್ಲೇ ಇದ್ದೇವೆ ಅನಿಸುತ್ತದೆ. ಹಳೆಯ ವೇರಿಯೋಮೀಟರ್‌ನಲ್ಲಿ ಒಂದು ಥರ್ಮಾಸ್ ಫ್ಲಾಸ್ಕ್ ಇರುತ್ತದೆ, ಅದಕ್ಕೊಂದು ಕೊಳವೆ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಫ್ಲಾಸ್ಕಿನ ಗಾಳಿ ಹೊರಗೆ ಹರಿಯುತ್ತದೆ, ಆ ಹರಿವು ಮುಳ್ಳನ್ನು ತಿರುಗಿಸುತ್ತದೆ. ಈಗಿನವು ಶಬ್ದ ಮಾಡುತ್ತವೆ, ಏರಿದಷ್ಟೂ ಸ್ವರ ಮೇಲೆ ಹೋಗುತ್ತದೆ. ಪೈಲಟ್ ಕಣ್ಣನ್ನು ಹೊರಗಿಟ್ಟು ಕಿವಿಯಲ್ಲಿ ಥರ್ಮಲ್ ಹುಡುಕುತ್ತಾನೆ. ಸ್ವರ ಎಲ್ಲಿ ಏರುತ್ತದೋ ಅತ್ತ ಸುತ್ತನ್ನು ಸರಿಸುತ್ತಾನೆ.

ಸರಿ, ಈಗ ಹೊರಡೋಣ. ಏಪ್ರಿಲ್ ಮೊದಲ ವಾರ. ಹನ್ನೊಂದೂವರೆ. ಬೆಳಿಗ್ಗೆ ಹೊರಡಲು ಆಗುವುದಿಲ್ಲ. ರಾತ್ರಿ ನೆಲ ತಣ್ಣಗಾಗಿ ಅದರ ಮೇಲೆ ತಂಪು ಗಾಳಿಯ ಪದರ ಕೂತಿರುತ್ತದೆ, ಅದು ಕಾದು ಒಡೆಯಬೇಕು. ಕಲಬುರಗಿಯ ಹೊರಗಿನ ಬಯಲಿನಿಂದ ಎದ್ದು ಮೊದಲ ಥರ್ಮಲ್ ಸಿಕ್ಕಿತು ಎಂದುಕೊಳ್ಳಿ. ರೆಕ್ಕೆ ಓರೆ ಮಾಡಿ ಸುತ್ತಬೇಕು. ಗಂಟೆಗೆ 90 ಕಿ.ಮೀ. ವೇಗ, ಸುತ್ತಿನ ಅಗಲ ನೂರೈವತ್ತು ಮೀಟರ್ ಒಳಗೆ, ಒಂದು ಸುತ್ತಿಗೆ ಹತ್ತಿರ ಹತ್ತಿರ 20 ಸೆಕೆಂಡ್. ಸೆಕೆಂಡಿಗೆ ಎರಡೂವರೆ ಮೀಟರ್ ಏರಿದರೆ ಒಂದು ಸುತ್ತಿಗೆ 50 ಮೀಟರ್. 700 ಮೀಟರ್‌ನಿಂದ 2,700ಕ್ಕೆ ಹೋಗಲು 13 ನಿಮಿಷ. ಮೇಲೆ ಹೋದಂತೆ ತಂಪು. ಕೆಳಗೆ 40 ಇದ್ದರೆ ಅಲ್ಲಿ 15ರ ಹತ್ತಿರ.

ಅಲ್ಲೇ ಇದ್ದುಬಿಡೋಣ ಅನಿಸುತ್ತದೆ. ಆದರೆ ದೂರದ ಹಾರಾಟದ ಗುಟ್ಟು ಇರುವುದೇ ಇಲ್ಲಿ. ಥರ್ಮಲ್ ಹಿಡಿಯುವುದಕ್ಕಿಂತ ಅದನ್ನು ಬಿಡುವುದು ದೊಡ್ಡ ವಿದ್ಯೆ. ಎತ್ತರ ಕೂಡಿಡುವ ಆಸ್ತಿಯಲ್ಲ, ಖರ್ಚು ಮಾಡಬೇಕಾದದ್ದು. ಬಿಡಲಾರದವರು ದಿನವಿಡೀ ಒಂದೇ ಊರಿನ ಮೇಲೆ ಸುತ್ತುತ್ತಾರೆ. ಇದನ್ನು ಲೆಕ್ಕಕ್ಕೆ ತಂದವನು ಅಮೆರಿಕದ ಪಾಲ್ ಮೆಕ್‌ಕ್ರೆಡಿ, 1956ರ ವಿಶ್ವ ಚಾಂಪಿಯನ್. ಅವನ ಮಾತಿನ ತಿರುಳು ಇಷ್ಟು. ಎರಡು ಥರ್ಮಲ್‌ಗಳ ನಡುವೆ ಎಷ್ಟು ವೇಗವಾಗಿ ಹೋಗಬೇಕು ಅನ್ನುವುದನ್ನು ಮುಂದೆ ಸಿಗುವ ಥರ್ಮಲ್ ಎಷ್ಟು ಬಲವಾಗಿದೆ ಎಂಬ ಅಂದಾಜು ನಿರ್ಧರಿಸುತ್ತದೆ. ಮುಂದೆ ಬಲವಾದದ್ದು ಇದೆ ಎಂಬ ಭರವಸೆ ಇದ್ದರೆ ಮೂಗು ಕೆಳಗೆ ಮಾಡಿ ಜೋರಾಗಿ ಹೋಗಿ, ಎತ್ತರ ಕಳೆದುಕೊಂಡರೂ ಪರವಾಗಿಲ್ಲ, ಅಲ್ಲಿ ಬೇಗ ವಾಪಸ್ ಬರುತ್ತದೆ. ಮುಂದೆ ಸಿಗುವುದು ದುರ್ಬಲ ಅನಿಸಿದರೆ ನಿಧಾನ. ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಬಲದ ಥರ್ಮಲ್ ದಾರಿಯಲ್ಲಿ ಸಿಕ್ಕರೆ ನಿಲ್ಲಲೇ ಬೇಡಿ. ಕೆಳಗೆ ಇಳಿಯುವ ಗಾಳಿ ಸಿಕ್ಕಾಗ ಇನ್ನೂ ಜೋರಾಗಿ ಹೋಗಿ ಅದರಿಂದ ಆಚೆ ಬೀಳಿ. ಹೆದರಿದವರು ಅಲ್ಲಿ ನಿಧಾನ ಮಾಡುತ್ತಾರೆ, ಅದೇ ಅವರನ್ನು ಇಳಿಸುತ್ತದೆ.

ಬೀದರ್ ಕಡೆಗೆ ಗಾಳಿ ಹಿಂದಿನಿಂದ ತಳ್ಳುತ್ತದೆ, ಬೇಸಿಗೆಯಲ್ಲಿ ಅದು ಹೆಚ್ಚಾಗಿ ಪಶ್ಚಿಮದ್ದು. ನೆಲವೂ ನಿಧಾನಕ್ಕೆ ಏರುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್, ಬೀದರ್ 650ರ ಮೇಲೆ. ಎತ್ತರ ಕಳೆದುಕೊಳ್ಳದೆಯೇ ನೆಲ ಹತ್ತಿರ ಬರುವುದು ಇಲ್ಲಿ ಗಮನದಲ್ಲಿರಬೇಕು. ಎಡಕ್ಕೆ ಕಾರಂಜಾ ಹಿನ್ನೀರು. ನೀರಿನ ಮೇಲೆ ಥರ್ಮಲ್ ಏಳುವುದಿಲ್ಲ. ಯುರೋಪಿನ ಬಿಳಿ ಕೊಕ್ಕರೆಗಳು ಆಫ್ರಿಕಾಕ್ಕೆ ಹೋಗುವಾಗ ಮೆಡಿಟರೇನಿಯನ್ ಸಮುದ್ರ ನೇರವಾಗಿ ದಾಟದೆ, ನೀರು ಕಿರಿದಾದ ಜಿಬ್ರಾಲ್ಟರ್ ಅಥವಾ ಬಾಸ್ಫರಸ್ ಸುತ್ತಿ ಹೋಗುವುದು ಇದೇ ಕಾರಣಕ್ಕೆ. ನಾವೂ ಹಿನ್ನೀರಿಗೆ ದೂರ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಬಂದಾಗ ಕೆಳಗಿನ ಬಣ್ಣವೇ ಬದಲಾಗುತ್ತದೆ. ಕಪ್ಪು ಮುಗಿದು ಇಟ್ಟಿಗೆಯ ಬಣ್ಣ. ಕೋಟೆ ಕಂಡ ಮೇಲೆ ದಕ್ಷಿಣಕ್ಕೆ ತಿರುವು.

ಇದು ಉದ್ದದ ಗೆರೆ, 133 ಕಿ.ಮೀ., ದಿನದ ಅತ್ಯಂತ ಬಲವಾದ ಹೊತ್ತಿನಲ್ಲಿ. ಚಿಂಚೋಳಿಯ ಕಾಡು ಬರುತ್ತದೆ. ಏಪ್ರಿಲ್‌ನಲ್ಲಿ ಎಲೆ ಉದುರಿಸಿ ನಿಂತ ಕಾಡು, ಆದರೂ ಹೊಲದಷ್ಟು ಬೇಗ ಕಾಯುವುದಿಲ್ಲ. ಕಾಡು ನಿಧಾನಕ್ಕೆ ಬಿಸಿ ಹಿಡಿದು ಸಂಜೆಯವರೆಗೆ ಬಿಡುತ್ತದೆ, ಹಾಗಾಗಿ ನಡು ಮಧ್ಯಾಹ್ನ ಅದರ ಅಂಚು ಒಳ್ಳೆಯದು, ನಡುಭಾಗ ಬೇಡ. ಗೆರೆ ಅಲ್ಲಿಂದ ನೇರ ಸೇಡಂ ಮೇಲೆ ಹೋಗುತ್ತದೆ. ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಕಾರ್ಖಾನೆಯ ಬಿಸಿ ಥರ್ಮಲ್ ಎಬ್ಬಿಸುತ್ತದೆ, ಹೊಗೆ ಎತ್ತ ವಾಲಿದೆ ಎಂದು ನೋಡಿದರೆ ಗಾಳಿಯ ದಿಕ್ಕೂ ತಿಳಿಯುತ್ತದೆ. ಬಲಕ್ಕೆ ಹದಿಮೂರು ಕಿ.ಮೀ. ದೂರದಲ್ಲಿ ಕಾಗಿಣಾ ದಡದ ಮಳಖೇಡ. ರಾಷ್ಟ್ರಕೂಟರ ರಾಜಧಾನಿಯ ಮೇಲೆ ಎದ್ದ ಥರ್ಮಲ್‌ನಲ್ಲಿ ಸುತ್ತುವ ಆಸೆ ನನಗೆ ಬಹಳ ಇದೆ, ದಾರಿ ಸ್ವಲ್ಪ ಬಳಸಾದರೂ ಸರಿ.

ನಡುವೆ ಥರ್ಮಲ್ ಸಿಗದಿದ್ದರೆ? ಇಳಿಯುವುದು. ಇದನ್ನು ಅಪಘಾತ ಎಂದು ಯಾರೂ ಭಾವಿಸುವುದಿಲ್ಲ, ದೂರ ಹಾರುವವರಿಗೆ ಇದು ರೂಢಿ. 500 ಮೀಟರ್ ಉಳಿದಾಗಲೇ ಹೊಲ ಆರಿಸಿಟ್ಟುಕೊಳ್ಳಬೇಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಯಲಿಗೆ ಬರವಿಲ್ಲ. ಆದರೆ ಎಲ್ಲ ಬಯಲೂ ಒಂದಲ್ಲ. ಜೋಳ ಕಿತ್ತ ಹೊಲ ಒಳ್ಳೆಯದು. ತೊಗರಿ ಕೊಯ್ದ ಹೊಲದಲ್ಲಿ ಗಟ್ಟಿ ಕೂಳೆ ಈಟಿಯಾಗಿ ನಿಂತಿರುತ್ತದೆ, ಗ್ಲೈಡರ್‌ನ ಹೊಟ್ಟೆ ನೆಲಕ್ಕೆ ಗೇಣು ಎತ್ತರದಲ್ಲಿ ಇರುವಾಗ ಅದು ಅಪಾಯ. ಬದು ಮೇಲಿನಿಂದ ಕಾಣುವುದೇ ಇಲ್ಲ, ಎರಡು ಹೊಲದ ಬಣ್ಣ ಬೇರೆ ಇದ್ದರೆ ನಡುವೆ ಬದು ಇದೆ ಎಂದೇ ತಿಳಿಯಬೇಕು. ವಿದ್ಯುತ್ ತಂತಿಯೂ ಕಾಣುವುದಿಲ್ಲ, ಕಂಬ ಹುಡುಕಬೇಕು. ಎತ್ತರ ಜಾಸ್ತಿ ಉಳಿದರೆ ರೆಕ್ಕೆಯ ಮೇಲಿನ ಬ್ರೇಕ್ ಎತ್ತಬೇಕು, ಇಲ್ಲವೆ ಬೇಕಂತಲೇ ಅಡ್ಡ ಜಾರಿಸಿ ಇಳಿಸಬೇಕು. 1983ರಲ್ಲಿ ಕೆನಡಾದಲ್ಲಿ ಒಂದು ಬೋಯಿಂಗ್ 767 ನಡು ಆಕಾಶದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುತ್ತಿದ್ದವನು. ಗಿಮ್ಲಿ ಎಂಬ ಹಳೆಯ ವಾಯುನೆಲೆಗೆ ಆ ದೊಡ್ಡ ವಿಮಾನವನ್ನು ಇದೇ ರೀತಿ ಅಡ್ಡ ಜಾರಿಸಿ ಇಳಿಸಿದ. ಯಾರೂ ಸಾಯಲಿಲ್ಲ.

ಯಾದಗಿರಿ ಹತ್ತಿರ ಬಂದಾಗ ಮೂರು ಗಂಟೆ ದಾಟಿರುತ್ತದೆ. ಇಲ್ಲಿ ನೆಲ ಮತ್ತೆ ಬೇರೆ. ಕಪ್ಪು ಶಿಲೆಯ ಪದರ ಮುಗಿದು ಗ್ರಾನೈಟ್ ಬಂಡೆಗಳು ಹೊರಗೆ ಬಂದಿವೆ, ಕೋಟೆ ಇರುವುದೇ ಅಂಥ ಬಂಡೆ ಗುಡ್ಡದ ಮೇಲೆ. ಬಂಡೆ ಹೊತ್ತು ಇಳಿದ ಮೇಲೂ ಬಿಸಿ ಬಿಡುತ್ತದೆ, ಅದಕ್ಕೇ ಕೊನೆಯ ದೊಡ್ಡ ಏರಿಕೆಯನ್ನು ನಾನು ಇಲ್ಲಿ ಹುಡುಕುತ್ತೇನೆ. ಪಶ್ಚಿಮಕ್ಕೆ ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳಿವೆ, ಅತ್ತ ಹೋಗುವುದಿಲ್ಲ.

ಇನ್ನು ಉಳಿದದ್ದು 70 ಕಿ.ಮೀ., ರೈಲು ಹಳಿ ಗುಂಟ. ನಾಲವಾರ, ವಾಡಿ, ಶಹಾಬಾದ್. ಈಗ ಗಾಳಿ ಎದುರು. ವಾಡಿಯ ಮೇಲೆ ನಿಂತು ಕೊನೆಯ ಲೆಕ್ಕ ಮಾಡಬೇಕು. ಕಲಬುರಗಿ ಇಲ್ಲಿಂದ 35 ಕಿ.ಮೀ. 40ಕ್ಕೆ ಒಂದು ಇಳಿಯುವ ಗ್ಲೈಡರ್, ಗಂಟೆಗೆ 120ರ ವೇಗ, ಎದುರು ಗಾಳಿ 15. ನೆಲದ ಲೆಕ್ಕದಲ್ಲಿ ಅದು 35ಕ್ಕೆ ಒಂದಾಗುತ್ತದೆ. ಅಂದರೆ ಸಾವಿರ ಮೀಟರ್ ಬೇಕು. ಸುತ್ತು ಹಾಕಿ ಇಳಿಯಲು, ದಾರಿಯಲ್ಲಿ ಇಳಿಗಾಳಿ ಸಿಕ್ಕರೆ ಕೈಯಲ್ಲಿ ಇರಲು ಇನ್ನೊಂದು 300. ವಾಡಿಯ ಸಿಮೆಂಟ್ ಕಾರ್ಖಾನೆಯ ಮೇಲೆ 1,100 ಇದ್ದು, ಥರ್ಮಲ್ ಸೆಕೆಂಡಿಗೆ ಒಂದೇ ಮೀಟರ್ ಎತ್ತುತ್ತಿದ್ದರೂ ಈಗ ಬಿಡುವಂತಿಲ್ಲ. ಇಷ್ಟು ಹೊತ್ತು ಇಂಥದ್ದನ್ನು ದಾಟಿಕೊಂಡು ಬಂದದ್ದು ನಿಜ. ಆದರೆ ಮುಂದೆ ಸಿಗುವುದರ ಭರವಸೆ ಈ ಹೊತ್ತಿಗೆ ಉಳಿದಿಲ್ಲ, ಮೆಕ್‌ಕ್ರೆಡಿಯ ಲೆಕ್ಕವೂ ಅದನ್ನೇ ಹೇಳುತ್ತದೆ. ಮೂರು ಮೂರೂವರೆ ನಿಮಿಷ ತಾಳ್ಮೆಯಿಂದ ಸುತ್ತಿ 1,300 ಮಾಡಿಕೊಂಡು, ಹಳಿ ನೋಡಿಕೊಂಡು ಉತ್ತರ ಪಶ್ಚಿಮಕ್ಕೆ ಮೂಗು ತಿರುಗಿಸುವುದು.